ಅರ್ಥವಾಗಲಿಲ್ಲ

ನಮ್ಮ ಆಟದಲ್ಲಿ ಚಿತ್ರವಿಲ್ಲ, ಸದ್ದಿಲ್ಲ.
ಕರಿ ಪರದೆ, ಅದರ ಮೇಲೆ ಬಿಳಿ ಅಕ್ಷರ:
"ನೀವು ಕೋಟೆಬಾಗಿಲ ಹೊರಗೆ ನಿಂತಿದ್ದೀರಿ.
ಕತ್ತಲಾಗುತ್ತಿದೆ. ನೆಲದ ಮೇಲೊಂದು ಕಂದೀಲು."
ಇಷ್ಟೇ.
ಮಿಕ್ಕಿದ್ದು ಬಂದವರು ಟೈಪಿಸಬೇಕು.

ಮೊನ್ನೆ ಒಬ್ಬರು ಬಂದರು, ಇಟ್ಟುಕೊಂಡ ಹೆಸರು ಕಪ್ಪೆಚಿಪ್ಪು.
ಕಂದೀಲು ತಗ, ಅಂದರು.
ಅರ್ಥವಾಗಲಿಲ್ಲ, ಅಂದಿತು ಬಾಗಿಲು.
ಕಂದೀಲು ತಗೋ.
ಅರ್ಥವಾಗಲಿಲ್ಲ.
ಕಂದೀಲು ತಗಳ್ತೀನಿ ಮಾರಾಯ.
ಅರ್ಥವಾಗಲಿಲ್ಲ.
ಆಮೇಲೆ ಹನ್ನೊಂದು ನಿಮಿಷ ಏನೂ ಇಲ್ಲ.
ಆಮೇಲೆ, ಆಟದ ಭಾಷೆಯಲ್ಲಿ,
"ಕಪ್ಪೆಚಿಪ್ಪು ಕತ್ತಲಲ್ಲಿ ಮರೆಯಾದರು."

ಆಟ ಕಟ್ಟಿದ್ದು ಲಾರೆನ್ಸಣ್ಣ.
ಗಾಡಿಕೊಪ್ಪದ ಬಾಡಿಗೆ ಮನೆಯಲ್ಲಿ
ಹಳೇ ಕಂಪ್ಯೂಟರಿನ ಬೆನ್ನಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟು
ಆರು ವರ್ಷ ಕೂತು
ಇಪ್ಪತ್ತೆರಡು ಊರು, ಒಂದು ಸಮುದ್ರ,
ಮಾತಾಡುವ ಒಂದು ಮುಂಗುಸಿ ಬರೆದವನು.
ತೆಗೆದುಕೊ ಅನ್ನಬೇಕು ಕಣೇ, ಸಹಾಯ ಪುಟದಲ್ಲಿದೆಯಲ್ಲ, ಅಂತಾನೆ.
ಸಹಾಯ ಪುಟ ನೂರಾ ನಲವತ್ತು ಸಾಲು.
ಮುಂಗುಸಿಯವರೆಗೆ ಯಾರೂ ಹೋಗಿಲ್ಲ ಲಾರೆನ್ಸಣ್ಣ,
ಕಂದೀಲೇ ಎತ್ತಲಾಗಿಲ್ಲ ಅವರಿಗೆ.

ಹಗಲು ನಾನು ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ.
ರಿಪ್ಪನ್‌ಪೇಟೆ ಬಸ್ಸು ಎಲ್ಲಿ ನಿಲ್ತದೆ ಅಂದವರಿಗೆ
ಡಿಪೋದ ಚರಿತ್ರೆ ಹೇಳುವುದಿಲ್ಲ.
ಅದೋ, ಬಾಳೆಹಣ್ಣಿನ ಗಾಡಿ ಪಕ್ಕ ನಿಂತ್ಕೊಳ್ಳಿ,
ಇನ್ನೂ ಐದು ನಿಮಿಷ ಇದೆ.
ಅಲ್ಲಿ ಹೋಗಿ ನಿಂತ ಮೇಲೆ ಒಮ್ಮೆ ತಿರುಗಿ ನೋಡ್ತಾರೆ,
ತಲೆ ಆಡಿಸಬೇಕು. ಅದೂ ಕೆಲಸವೇ,
ಸಂಬಳದ ಚೀಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.
(ಒಂದು ದಿನ ನಿದ್ದೆಗಣ್ಣಲ್ಲಿ, ಶಿಕಾರಿಪುರದ ಹುಡುಗನಿಗೆ
ಪಶ್ಚಿಮಕ್ಕೆ ಹೋಗಿ, ಸೇತುವೆ ದಾಟಿ, ಅಂದುಬಿಟ್ಟೆ.)

ಒಂದು ನೋಟ್‌ಬುಕ್ಕು ಇಟ್ಟೆ.
ಬಾಗಿಲು ತಳ್ಳಿಹಾಕಿದ ಮಾತೆಲ್ಲ ಅದರಲ್ಲಿ:
ತಗ, ತಗೋ, ತೊಗೊ, ತಕ, ತಗಂಡೆ, ಎತ್ತು, ಹಿಡ್ಕೊ, ಕೊಡು ಇಲ್ಲಿ,
ತಗೋಬಹುದಾ?
ಹಾಗೆ ಕೇಳಿದವರೂ ಇದ್ದಾರೆ,
ಯಾರೂ ಇಲ್ಲದ ಕತ್ತಲಲ್ಲಿ, ಅಪ್ಪಣೆ.
ಒಂದೇ ಕೆಲಸಕ್ಕೆ ನಲವತ್ತಮೂರು ಮಾತು.
ಲಾರೆನ್ಸಣ್ಣ ಭಾನುವಾರವಿಡೀ ಗೊಣಗುತ್ತ ಯಂತ್ರಕ್ಕೆ ಕಲಿಸಿದ.
ಸಹಾಯ ಪುಟ ನಾಲ್ಕು ಸಾಲಿಗೆ ಇಳಿಯಿತು,
ಮುನಿಸಿಕೊಂಡು ಎರಡು ದಿನ ಫೋನ್ ಎತ್ತಲಿಲ್ಲ.

ಕಪ್ಪೆಚಿಪ್ಪು ಮತ್ತೆ ಬಂದರು, ಗುರುವಾರ, ರಾತ್ರಿ ಒಂದೂಕಾಲು.
ಆಟದೊಳಗೆ ನಾನು ಬಾಗಿಲ ಬಳಿ ಕಂಬಳಿ ಹೊದ್ದು ಕೂತಿದ್ದೆ,
ಹೊರಗೆ ವಿನೋಬನಗರದಲ್ಲಿ ಕರೆಂಟು ಹೋಗಿ
ಫೋನಿನಲ್ಲಿ ಉಳಿದಿದ್ದು ಒಂಬತ್ತು ಪರ್ಸೆಂಟು.
ಕಂದೀಲು ತಗ.
"ಕಂದೀಲು ಈಗ ನಿಮ್ಮ ಕೈಲಿದೆ. ಬೆಚ್ಚಗಿದೆ."
ಆಮೇಲೆ ತುಂಬ ಹೊತ್ತು ಸುಮ್ಮನೆ.

ಓಡಿಹೋಗಿ ನಕ್ಷೆ ಕೊಡೋಣ, ಕತ್ತಿ ಕೊಡೋಣ ಅನ್ನಿಸಿತು.
ಮುಂಚೆ ಹಾಗೇ ಮಾಡುತ್ತಿದ್ದೆ.
ಕೈತುಂಬ ಹಿಡಿದು ಹೋದವರು ಯಾರೂ ತಿರುಗಿ ಬರಲಿಲ್ಲ.
ಈ ಸಲ ಇಷ್ಟೇ ಟೈಪಿಸಿದೆ:
ನನ್ನ ಬೀಗದಕೈ ಇಲ್ಲೇ ಎಲ್ಲೋ ಬಿದ್ದಿದೆ,
ಸ್ವಲ್ಪ ಬೆಳಕು ಹಿಡೀತೀರಾ?

ಹಿಡಿದರು.
ಬೀಗದಕೈ ನನ್ನ ಜೇಬಲ್ಲೇ ಇತ್ತು. ಹೇಳಬೇಡಿ ಅವರಿಗೆ.

ನಿನ್ನೆ ಇನ್ನೊಬ್ಬರು ಹೊಸಬರು,
ಏನೋ ಹೇಳಿ, ಅರ್ಥವಾಗಲಿಲ್ಲ ಅನ್ನಿಸಿಕೊಂಡು ನಿಂತಿದ್ದರು.
ನಾನು ಬಾಯಿ ಬಿಡುವ ಮೊದಲೇ ಕಪ್ಪೆಚಿಪ್ಪು:
ಗಾಬರಿ ಬೀಳಬೇಡಿ, ಬಾಗಿಲಿಗೆ ಕಿವಿ ಸ್ವಲ್ಪ ಮಂದ.
ನಂಗೂ ಮೊದ್ಲು ಹಿಂಗೇ ಮಾಡಿತ್ತು.

ಹೊಸಬರು ಮತ್ತೆ ಟೈಪಿಸಿದ್ದೂ ಅದೇ ಮಾತು.
ಕಿಟಕಿಯಲ್ಲಿ ಎಂಟು ವರ್ಷ ಕೂತರೂ ನಾನು ಕೇಳದ್ದು,
ಎತ್ತುವುದೋ, ಅಟ್ಟುವುದೋ, ಅಳುವುದೋ.
ನೋಟ್‌ಬುಕ್ಕು ಬಿಚ್ಚಿದೆ.
ನನಗೂ ಅರ್ಥವಾಗಲಿಲ್ಲ, ಅಂತ ಬರೆದೆ ಅವರಿಗೆ.
ಕೂತ್ಕೊಳ್ಳಿ,
ಅದನ್ನೇ ಇನ್ನೊಂದು ಸಲ ಹೇಳಿ.